ಕಾರಿನ ‘ಟಕ್ ಟಕ್’ ಮತ್ತು ಅಪ್ಪನ ಒಂದು ಪ್ರಶ್ನೆ

ಕಾರಿನಲ್ಲಿ ಹೊಸದಾಗಿ ಏನೋ ಸದ್ದು ಬರೋಕೆ ಶುರುವಾದರೆ ನಾವು ಮೊದಲು ಮಾಡುವ ಕೆಲಸ ಏನು ಹೇಳಿ? ಹಾಡಿನ ವಾಲ್ಯೂಮ್ ಜಾಸ್ತಿ ಮಾಡೋದು. ನಾನೂ ಅದನ್ನೇ ಮಾಡಿದೆ. ಹತ್ತು ದಿನ ಮಾಡಿದೆ.

ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ನಾಲ್ಕು ಸಿಲಿಂಡರ್, 1.2 ಲೀಟರ್ ಎಂಜಿನ್. ಸೆಕೆಂಡ್ ಹ್ಯಾಂಡ್‌ನಲ್ಲಿ ತೊಗೊಂಡು ನಾಲ್ಕು ವರ್ಷ ಆಗಿತ್ತು, ಮೀಟರ್ 96 ಸಾವಿರ ದಾಟಿತ್ತು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ‘ಟಕ್ ಟಕ್ ಟಕ್’ ಅನ್ನೋದು, ಆಮೇಲೆ ನಿಂತುಹೋಗೋದು. ತಾನಾಗೇ ನಿಲ್ಲುತ್ತಲ್ಲ, ಅಂದ್ಮೇಲೆ ದೊಡ್ಡದೇನಲ್ಲ ಅಂತ ಅಂದ್ಕೊಂಡೆ.

ಕಣ್ಣಿನ ಚೆಕಪ್‌ಗೆ ಅಂತ ಬೆಂಗಳೂರಿಗೆ ಬಂದಿದ್ದ ಅಮ್ಮನನ್ನ ಹಾಸನಕ್ಕೆ ಬಿಡೋಕೆ ಹೊರಟ ದಿನ ಅದು ನಿಲ್ಲಲಿಲ್ಲ. ಶಾಂತಿಗ್ರಾಮದ ಟೋಲ್ ಹತ್ತಿರ ಸಾಲಿನಲ್ಲಿ ನಿಧಾನ ಮಾಡಿದಾಗ ಅಮ್ಮ ಕಿಟಕಿ ಇಳಿಸಿ ಕೇಳಿದರು: “ಯಾರೋ ಒರಳಲ್ಲಿ ಕುಟ್ಟಿದ ಹಾಗೆ ಕೇಳ್ತಿದೆಯಲ್ಲೋ, ನಮ್ ಕಾರಿಂದಾನಾ?”

ನಮ್ಮ ಕಾರಿಂದಾನೇ. ಆಕ್ಸಿಲರೇಟರ್ ಒತ್ತಿದರೆ ಸದ್ದು ಬೇಗ ಬೇಗ, ಬಿಟ್ಟರೆ ನಿಧಾನ. ಎಂಜಿನ್ ಬಿಸಿಯಾದಷ್ಟೂ ಜೋರು.

ಒಣಗಿದ ಡಿಪ್‌ಸ್ಟಿಕ್

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಮೂವತ್ತು ವರ್ಷ ಬಸ್ ಓಡಿಸಿ ರಿಟೈರ್ ಆದವರು. ಕಾರು ಗೇಟಿನೊಳಗೆ ಬರುವ ಮೊದಲೇ ಹೊರಗೆ ಬಂದು ನಿಂತಿದ್ದರು. ನಮಸ್ಕಾರ, ಊಟ ಆಯ್ತಾ ಏನೂ ಇಲ್ಲ. “ಆಫ್ ಮಾಡು. ಬಾನೆಟ್ ಎತ್ತು. ಆಯಿಲ್ ಯಾವಾಗ ನೋಡಿದ್ದೆ?”

ನಾನು ಯೋಚನೆ ಮಾಡ್ತಾ ನಿಂತೆ. ಆ ಯೋಚನೆಯಲ್ಲೇ ಅವರಿಗೆ ಉತ್ತರ ಸಿಕ್ಕಿತ್ತು.

ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ ತೆಗೆದರು. ತುದಿಯಲ್ಲಿ ಒಂದು ಹನಿ ಕಪ್ಪು ಮಸಿ. ಕೆಳಗಿನ ಗೆರೆಗೂ ಆಯಿಲ್ ಮುಟ್ಟಿರಲಿಲ್ಲ. ಕೊನೆಯ ಆಯಿಲ್ ಚೇಂಜ್ ಮಾಡಿಸಿ 14 ಸಾವಿರ ಕಿಲೋಮೀಟರ್ ಆಗಿತ್ತು, ಹದಿನಾರು ತಿಂಗಳು ಕಳೆದಿತ್ತು. ನನ್ನ ಕಾರಿನ ಮ್ಯಾನ್ಯುಯಲ್‌ನಲ್ಲಿ 10 ಸಾವಿರ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಬರೆದಿದೆ. ವರ್ಕ್ ಫ್ರಮ್ ಹೋಮ್, ಡೆಡ್‌ಲೈನು, ಮುಂದಿನ ತಿಂಗಳು ನೋಡೋಣ ಅಂತ ಮುಂದೆ ಹಾಕಿದ್ದೆ.

“ಆದ್ರೆ ಆಯಿಲ್ ಲೈಟು ಬರಲೇ ಇಲ್ವಲ್ಲಪ್ಪ” ಅಂದೆ.

ಇದು ನನ್ನಂಥ ಎಷ್ಟೋ ಜನರ ತಪ್ಪು ತಿಳಿವಳಿಕೆ, ಅದಕ್ಕೇ ಬಿಡಿಸಿ ಹೇಳ್ತೀನಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಆ ಕೆಂಪು ಎಣ್ಣೆ ಕ್ಯಾನಿನ ಚಿತ್ರ ಆಯಿಲ್ ಎಷ್ಟಿದೆ ಅಂತ ತೋರಿಸೋದಲ್ಲ. ಆಯಿಲಿನ ಒತ್ತಡ ತೀರಾ ಕೆಳಗೆ ಬಿದ್ದಾಗ ಮಾತ್ರ ಅದು ಹತ್ತಿಕೊಳ್ಳೋದು. ಅಷ್ಟು ಹೊತ್ತಿಗೆ ಒಳಗೆ ಆಗಬೇಕಾದ್ದು ಆಗಿರಬಹುದು. ಆಯಿಲ್ ಎಷ್ಟಿದೆ ಅಂತ ಹೇಳೋದು ಡಿಪ್‌ಸ್ಟಿಕ್ ಮಾತ್ರ. ನಾನು ಅದನ್ನು ನಾಲ್ಕು ವರ್ಷದಲ್ಲಿ ಎಷ್ಟು ಸಲ ತೆಗೆದಿದ್ದೆ ಅಂತ ಇಲ್ಲಿ ಬರೆಯೋಕೆ ನಾಚಿಕೆ.

ಒಂದೂವರೆ ಲೀಟರ್ ಆಯಿಲ್ ಹಾಕಿದೆವು. ಸದ್ದು ಸ್ವಲ್ಪ ತಗ್ಗಿತು. ಬಿಸಿಯಾದ ಮೇಲೆ ಮತ್ತೆ ಬಂತು.

ನಾಕಿಂಗ್ ಅಂದರೆ ಒಂದೇ ರೋಗ ಅಲ್ಲ

ಗೂಗಲ್ ಮಾಡಿದರೆ ಗಾಬರಿ ಆಗೋದು ಇಲ್ಲೇ. ನಾಕಿಂಗ್ ಅನ್ನೋ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಕೂತಿವೆ.

ಮೊದಲನೆಯದು ಪೆಟ್ರೋಲ್ ಉರಿಯೋದಕ್ಕೆ ಸಂಬಂಧಪಟ್ಟದ್ದು. ಪ್ಲಗ್ ಕಿಡಿ ಕೊಟ್ಟಾಗ ಬೆಂಕಿ ಅಲ್ಲಿಂದ ಒಂದೇ ಸಮನೆ ಹರಡಿಕೊಂಡು ಹೋಗಬೇಕು. ಒತ್ತಡ, ಬಿಸಿ ಜಾಸ್ತಿಯಾದರೆ ಆ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್–ಗಾಳಿ ತಾನಾಗೇ ಒಮ್ಮೆಗೆ ಹತ್ತಿಕೊಳ್ಳುತ್ತೆ. ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂಥ ‘ಕಿಟಿ ಕಿಟಿ’ ಸದ್ದು ಇದರದ್ದು. ಏರು ಹತ್ತುವಾಗ, ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ತುಳಿದಾಗ ಬರುತ್ತೆ. ಗೇರ್ ಇಳಿಸಿದರೆ ಹೋಗುತ್ತೆ. ಇದಕ್ಕೆ ಕಾರಣ ಕಡಿಮೆ ಆಕ್ಟೇನಿನ ಪೆಟ್ರೋಲ್, ಒಳಗೆ ಕಟ್ಟಿಕೊಂಡ ಕಾರ್ಬನ್, ಓವರ್‌ಹೀಟ್, ತಪ್ಪು ಪ್ಲಗ್, ಇಗ್ನಿಷನ್ ಟೈಮಿಂಗ್, ಇಂಥವು.

ಈ ಸದ್ದಿಗೆ ನೂರು ವರ್ಷದ ಇತಿಹಾಸ ಇದೆ. 1921ರ ಡಿಸೆಂಬರಿನಲ್ಲಿ ಅಮೆರಿಕದ ಡೇಟನ್‌ನಲ್ಲಿ ಜನರಲ್ ಮೋಟರ್ಸ್‌ನ ಸಂಶೋಧಕ ಥಾಮಸ್ ಮಿಜ್ಲಿ, ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ರಾಸಾಯನಿಕ ಬೆರೆಸಿದರೆ ಇದು ನಿಲ್ಲುತ್ತೆ ಅಂತ ಕಂಡುಕೊಂಡ. ಎಂಜಿನ್ ಸದ್ದು ನಿಂತಿತು, ಸೀಸ ಹೊಗೆಯಲ್ಲಿ ಸೇರಿ ಮಕ್ಕಳ ಮೆದುಳಿಗೇ ಹೋಗುವಂತಾಯಿತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾದ ಬಂಕುಗಳಲ್ಲಿ ನಿಂತದ್ದು 2021ರಲ್ಲಿ. ಈಗಿನ ಕಾರುಗಳಲ್ಲಿ ಈ ಕೆಲಸಕ್ಕೆ ನಾಕ್ ಸೆನ್ಸರ್ ಇರುತ್ತೆ. ಎಂಜಿನ್ನಿನ ಮೈಗೆ ಬಿಗಿದ ಸಣ್ಣ ಕಿವಿ ಅಂತಲೇ ಅನ್ನಿ. ಕಿಟಿ ಕಿಟಿ ಕೇಳಿಸಿದ ಕೂಡಲೇ ಕಂಪ್ಯೂಟರ್ ಕಿಡಿಯನ್ನು ಸ್ವಲ್ಪ ತಡ ಮಾಡುತ್ತೆ. ಹಾಗಾಗಿ ಎಷ್ಟೋ ಸಲ ನಮಗೆ ಸದ್ದೇ ಕೇಳಲ್ಲ, ಪಿಕಪ್ ಇಲ್ಲ, ಮೈಲೇಜ್ ಬಿತ್ತು ಅಂತ ಮಾತ್ರ ಅನಿಸುತ್ತೆ.

ಎರಡನೆಯದು ಲೋಹಕ್ಕೆ ಲೋಹ ಬಡಿಯುವ ಸದ್ದು. ಪಿಸ್ಟನ್ ಮೇಲೆ ಕೆಳಗೆ ಓಡೋದನ್ನ ಕನೆಕ್ಟಿಂಗ್ ರಾಡ್ ಅನ್ನೋ ತೋಳು ಕ್ರ್ಯಾಂಕ್ ಶಾಫ್ಟಿಗೆ ಮುಟ್ಟಿಸುತ್ತೆ. ತೋಳಿನ ಕೆಳತುದಿ ಶಾಫ್ಟನ್ನು ಹಿಡಿಯುವ ಜಾಗದಲ್ಲಿ ಅರ್ಧಚಂದ್ರದ ಆಕಾರದ ಎರಡು ತೆಳು ಬೇರಿಂಗ್ ಚಿಪ್ಪು ಇರುತ್ತವೆ. ಚಿಪ್ಪಿಗೂ ಶಾಫ್ಟಿಗೂ ಮಧ್ಯೆ ಇರೋದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು ಜಾಗ. ಅಲ್ಲಿ ಆಯಿಲ್ ತುಂಬಿಕೊಂಡಿದ್ದರೆ ಲೋಹ ಲೋಹಕ್ಕೆ ತಾಗೋದೇ ಇಲ್ಲ. ಆಯಿಲ್ ಕಡಿಮೆಯಾದಾಗ ಪಂಪು ಗಾಳಿ ಎಳೆಯುತ್ತೆ, ಆ ಪದರ ಒಡೆಯುತ್ತೆ, ಚಿಪ್ಪು ಸವೆಯುತ್ತೆ, ಸಂದು ದೊಡ್ಡದಾಗುತ್ತೆ. ಆಮೇಲೆ ಪ್ರತಿ ಸಲ ಪಿಸ್ಟನ್ ಮೇಲೆ ಸ್ಫೋಟದ ಪೆಟ್ಟು ಬಿದ್ದಾಗ ‘ಟಕ್’. ಇದಕ್ಕೆ ನೂರು ಆಕ್ಟೇನಿನ ಪೆಟ್ರೋಲ್ ಹಾಕಿದರೂ ಉಪಯೋಗ ಇಲ್ಲ.

ಸುಲಭದ ದಾರಿ

ಮಾರನೇ ದಿನ ಹತ್ತಿರದ ಒಂದು ವರ್ಕ್‌ಶಾಪಿಗೆ ತೊಗೊಂಡು ಹೋದೆ. ಬಾನೆಟ್ ಎತ್ತಿ ಅರ್ಧ ನಿಮಿಷ ಕೇಳಿ, “ಎಂಜಿನ್ ಹೋಗಿದೆ ಸರ್. ಬೇರೆ ಎಂಜಿನ್ ಕೂರಿಸೋದಾದ್ರೆ 85 ಸಾವಿರ ಆಗುತ್ತೆ” ಅಂದರು. ನನ್ನ ಮುಖ ನೋಡಿ ದನಿ ತಗ್ಗಿಸಿದರು. “ಇಲ್ಲಾಂದ್ರೆ ದಪ್ಪ ಆಯಿಲ್ ಹಾಕಿ, ಒಂದು ಬಾಟ್ಲಿ ಅಡಿಟಿವ್ ಹಾಕ್ಕೊಡ್ತೀನಿ. ಎರಡು ತಿಂಗಳು ಸೌಂಡ್ ಬರಲ್ಲ. ಅಷ್ಟರೊಳಗೆ ಯಾರಿಗಾದ್ರೂ ಕೊಟ್ಬಿಡಿ.”

ಆ ಮಾತು ನನಗೆ ಎಷ್ಟು ಹಿತವಾಗಿ ಕೇಳಿಸಿತು ಅಂದರೆ, ಯಾಕೆ ಅಂತ ಹೇಳಲೇಬೇಕು. ಕಾರಿಗೆ ಆಗಲೇ ಗಿರಾಕಿ ಇದ್ದ. ಆಫೀಸಿನಲ್ಲಿ ನನ್ನ ಟೀಮಿನ ಹುಡುಗ, ಉಜಿರೆ ಕಡೆಯವನು. ಹೆಂಡತಿ ಆರು ತಿಂಗಳ ಗರ್ಭಿಣಿ, ಊರಿಗೆ ಓಡಾಡೋಕೆ ಕಾರು ಬೇಕು ಅಂತಿದ್ದ. 2 ಲಕ್ಷ 60 ಸಾವಿರಕ್ಕೆ ಮಾತಾಗಿತ್ತು. ಹತ್ತು ಸಾವಿರ ಅಡ್ವಾನ್ಸ್ ನನ್ನ ಅಕೌಂಟಿಗೆ ಬಂದಿತ್ತು. ಮುಂದಿನ ತಿಂಗಳ ಮೊದಲ ವಾರ ಕಾರು ಕೊಡೋದು. ಆ ದುಡ್ಡನ್ನು ನಂಬಿಕೊಂಡು ನಾನು ಬೇರೆ ಕಾರಿನ ಬುಕಿಂಗ್ ಬೇರೆ ಮಾಡಿಯಾಗಿತ್ತು.

ದಪ್ಪ ಆಯಿಲ್ ನಿಜವಾಗಿಯೂ ಕೆಲಸ ಮಾಡುತ್ತೆ, ಸ್ವಲ್ಪ ದಿನ. ಸವೆದು ದೊಡ್ಡದಾದ ಸಂದಿನಲ್ಲಿ ಮಂದವಾದ ಆಯಿಲ್ ದಿಂಬಿನ ಹಾಗೆ ಕೂತು ಸದ್ದನ್ನು ಅಡಗಿಸುತ್ತೆ. ಸವೆತ ಮಾತ್ರ ನಿಲ್ಲಲ್ಲ. ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋಗುವವರು ಇದನ್ನ ನೆನಪಿಟ್ಟುಕೊಳ್ಳಿ: ಮಾರುವವರು ಎಂಜಿನ್ ಮೊದಲೇ ಬಿಸಿ ಮಾಡಿಟ್ಟಿರಬಾರದು, ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ಆಮೇಲೆ ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ಇನ್ನೊಂದು ಸಲ ಕೇಳಿ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಪೂರ್ತಿ ಹೇಳಿದೆ, ಅಡಿಟಿವ್ ವಿಷಯ ಸೇರಿಸಿ. ಅವರೇ ‘ಹಂಗೇ ಮಾಡು’ ಅಂದರೆ ನನ್ನ ಭಾರ ಇಳಿಯುತ್ತೆ ಅನ್ನೋ ಆಸೆ ಒಳಗೆಲ್ಲೋ ಇತ್ತು. ಅಪ್ಪ ಕಾಫಿ ಲೋಟ ಕೆಳಗಿಟ್ಟರು.

“ಆ ಹುಡ್ಗ ಹೆಂಡ್ತೀನ ಕೂರಿಸ್ಕೊಂಡು ಚಾರ್ಮಾಡಿ ಇಳೀತಿರುವಾಗ ಎಂಜಿನ್ ಹಿಡ್ಕೊಂಡ್ರೆ, ನಿಂಗೆ ಫೋನ್ ಮಾಡ್ತಾನೆ. ಎತ್ತುತೀಯಾ?”

ಇದು ಬರೀ ಮಾತಿಗೆ ಹೆದರಿಸಿದ್ದಲ್ಲ. ಓಡುತ್ತಿರುವಾಗ ಬೇರಿಂಗ್ ಪೂರ್ತಿ ಹೋಗಿ ಎಂಜಿನ್ ಜಾಮ್ ಆದರೆ ಪವರ್ ಸ್ಟೀರಿಂಗ್ ಬಿಗಿಯಾಗಬಹುದು. ಬ್ರೇಕಿಗೆ ಎಂಜಿನ್ ಕೊಡುವ ಸಹಾಯ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿಯಾಗುತ್ತೆ, ಆಮೇಲೆ ಪೆಡಲ್ ಕಲ್ಲಿನ ಹಾಗೆ. ಘಾಟಿಯ ತಿರುವಿನಲ್ಲಿ ಇದು ಆದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ನಾನು ಉತ್ತರ ಕೊಡಲಿಲ್ಲ. ಅಪ್ಪ ತಮ್ಮ ಹಳೇ ಡಿಪೋ ಪರಿಚಯದ ಮೇಸ್ತ್ರಿಗೆ ಫೋನ್ ಮಾಡಿದರು. ಮೇಸ್ತ್ರಿ ಹೇಳಿದ ಮೊದಲ ಮಾತು: “ಸ್ಟಾರ್ಟ್ ಮಾಡ್ಬೇಡಿ. ಎಳ್ಕೊಂಡು ಬನ್ನಿ.” ಮನೆಯಿಂದ ಗ್ಯಾರೇಜಿಗೆ ಮೂರೇ ಕಿಲೋಮೀಟರು. ಆದರೂ ಟೋ ಮಾಡಿಸಿಕೊಂಡೇ ಹೋದೆವು.

ಮೇಸ್ತ್ರಿ ಹುಡುಕಿದ ಬಗೆ

ಮೇಸ್ತ್ರಿ ಮೊದಲು ಬಿಚ್ಚಲಿಲ್ಲ, ಕೇಳಿದರು. ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದೇ ಅನುಮಾನ ಅಳಿಸುತ್ತಾ ಹೋದರು.

ಮೊದಲು ಹೊರಗಿನ ಸಂಗತಿಗಳು. ಸೈಲೆನ್ಸರ್ ಪೈಪಿನ ಮೇಲಿನ ತಗಡಿನ ಹೊದಿಕೆ ಸಡಿಲವಾಗಿದ್ದರೂ ಟಕಟಕ ಅನ್ನುತ್ತೆ, ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೂ ಗುದ್ದಿದ ಹಾಗೆ ಕೇಳುತ್ತೆ. ಎರಡೂ ಸರಿಯಿದ್ದವು.

ಆಮೇಲೆ ಆಲ್ಟರ್ನೇಟರ್, ವಾಟರ್ ಪಂಪ್, ಏಸಿ ಕಂಪ್ರೆಸರ್ ತಿರುಗಿಸುವ ಬೆಲ್ಟ್ ಬಿಚ್ಚಿ, ಅರ್ಧ ನಿಮಿಷ ಮಾತ್ರ ಎಂಜಿನ್ ಓಡಿಸಿದರು. ಸದ್ದು ಹಾಗೇ ಇತ್ತು. ಅಂದರೆ ಅವುಗಳದ್ದಲ್ಲ. ಬೆಲ್ಟ್ ಬಿಚ್ಚಿದ ಕೂಡಲೇ ಸದ್ದು ನಿಂತಿದ್ದರೆ ಒಂದು ಪುಲ್ಲಿಯ ಬೇರಿಂಗ್ ಬದಲಿಸಿ ಮುಗಿಸಬಹುದಿತ್ತು. ಎಂಜಿನ್ ಹೋಯ್ತು ಅಂತ ಹೆದರಿದ ಎಷ್ಟೋ ಕಾರು ಇಷ್ಟರಲ್ಲೇ ಗುಣವಾಗುತ್ತವೆ ಅಂದರು.

ಮೂರನೆಯದು ಉದ್ದನೆಯ ಸ್ಕ್ರೂ ಡ್ರೈವರ್. ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹತ್ತಿರ ಇಟ್ಟುಕೊಂಡರೆ ಡಾಕ್ಟರ ಸ್ಟೆತಾಸ್ಕೋಪ್ ಇದ್ದ ಹಾಗೆ. ಮೇಲೆ, ವಾಲ್ವ್ ಕವರ್ ಹತ್ತಿರ ಬರೀ ಹೊಲಿಗೆ ಮಷಿನ್ ತರದ ಸಣ್ಣ ಟಿಕಟಿಕ. ಜೋರು ಸದ್ದು ಇಲ್ಲೇ ಇದ್ದಿದ್ದರೆ ಅದು ಟ್ಯಾಪೆಟ್. ಕೆಳಗೆ ಆಯಿಲ್ ಚೇಂಬರ್ ಹತ್ತಿರ ಇಟ್ಟಾಗ ನನ್ನ ಕಿವಿಗೇ ಸುತ್ತಿಗೆಯಲ್ಲಿ ಹೊಡೆದ ಹಾಗಾಯಿತು. ಮನೆಯಲ್ಲಿ ಇದನ್ನ ಮಾಡೋಕೆ ಹೋಗುವವರು ದುಪಟ್ಟಾ, ಐಡಿ ಕಾರ್ಡಿನ ದಾರ, ಸಡಿಲ ತೋಳು ಏನೂ ಇಟ್ಟುಕೊಳ್ಳಬೇಡಿ. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು.

ನಾಲ್ಕನೆಯದು ನನಗೆ ತುಂಬ ಇಷ್ಟವಾದದ್ದು. ನಾಲ್ಕು ಸಿಲಿಂಡರುಗಳಲ್ಲಿ ಯಾವುದರದ್ದು ಅಂತ ಕಂಡುಹಿಡಿಯಬೇಕಲ್ಲ? ಒಂದೊಂದರ ಇಂಜೆಕ್ಟರ್ ಮತ್ತು ಕಾಯಿಲಿನ ಕನೆಕ್ಟರ್ ಬಿಚ್ಚಿ ಕೆಲವು ಸೆಕೆಂಡ್ ಓಡಿಸಿದರು. ಒಂದು ಬಿಚ್ಚಿದರು, ಎಂಜಿನ್ ನಡುಗಿತು, ಟಕ್ ಟಕ್ ಹಾಗೇ ಇತ್ತು. ಎರಡನೆಯದೂ ಹಾಗೇ. ಮೂರನೆಯದು ಬಿಚ್ಚಿದ ಕೂಡಲೇ ಸದ್ದು ಮುಕ್ಕಾಲು ಪಾಲು ಇಳಿಯಿತು. ಆ ಸಿಲಿಂಡರಿನಲ್ಲಿ ಸ್ಫೋಟ ಇಲ್ಲದಿದ್ದರೆ ರಾಡಿನ ಮೇಲೆ ಪೆಟ್ಟು ಬೀಳಲ್ಲ, ಹಾಗಾಗಿ ಬಡಿತವೂ ತಗ್ಗುತ್ತೆ. “ಮೂರನೇದ್ರ ಬೇರಿಂಗು” ಅಂದರು ಮೇಸ್ತ್ರಿ. ಇಂಜೆಕ್ಟರ್ ಬಿಚ್ಚದೆ ಬರೀ ಕಾಯಿಲ್ ಬಿಚ್ಚಿ ತುಂಬ ಹೊತ್ತು ಓಡಿಸಬಾರದು. ಉರಿಯದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತೆ.

ಕೊನೆಗೆ ಆಯಿಲ್ ಪ್ರೆಶರ್ ಸ್ವಿಚ್ ಇರುವ ಜಾಗಕ್ಕೆ ಗೇಜ್ ಹಾಕಿ ನೋಡಿದರು. ಬಿಸಿ ಎಂಜಿನ್ ಐಡ್ಲಿಂಗಿನಲ್ಲಿ ಇರಬೇಕಾದ್ದಕ್ಕಿಂತ ಕಡಿಮೆ. ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಚ್ಚಿ ಬಿಸಿಲಿಗೆ ಹಿಡಿದರು. ಮಿನುಗು ಪುಡಿ ಚೆಲ್ಲಿದ ಹಾಗೆ ಸಣ್ಣ ಲೋಹದ ಚೂರು.

ಒಳಗೆ ಕಂಡದ್ದು

ಆಯಿಲ್ ಚೇಂಬರ್ ಕೆಳಗಿನಿಂದ ಬಿಚ್ಚಿ, ಮೂರನೇ ರಾಡಿನ ಕ್ಯಾಪ್ ತೆಗೆದಾಗ ಅಪ್ಪ, ನಾನು ಇಬ್ಬರೂ ಬಗ್ಗಿ ನೋಡಿದೆವು. ಬೂದು ಬಣ್ಣದಲ್ಲಿ ನಯವಾಗಿರಬೇಕಾದ ಚಿಪ್ಪಿನಲ್ಲಿ ಮೇಲ್ಪದರ ಹೋಗಿ ತಾಮ್ರ ಕಾಣುತ್ತಿತ್ತು.

ಇನ್ನು ಎಲ್ಲ ನಿಂತಿದ್ದು ಕ್ರ್ಯಾಂಕ್ ಶಾಫ್ಟಿನ ಮೇಲೆ. ಅದರ ಮೇಲೆ ಗೀರು ಬಿದ್ದಿದ್ದರೆ ಎಂಜಿನ್ ಇಳಿಸಬೇಕು, ಶಾಫ್ಟ್ ಗ್ರೈಂಡಿಂಗಿಗೆ ಹೋಗಬೇಕು, ಬಿಲ್ಲು ಎಲ್ಲಿಗೋ ಮುಟ್ಟುತ್ತೆ. ಮೇಸ್ತ್ರಿ ಉಗುರಿನಿಂದ ಎಳೆದು ನೋಡಿದರು, ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮೈಕ್ರೋಮೀಟರ್ ಹಿಡಿದು ಎರಡು ಮೂರು ಕಡೆ ಅಳೆದರು. “ಬಚಾವು. ಇನ್ನು ನೂರು ಕಿಲೋಮೀಟರ್ ಓಡ್ಸಿದ್ರೆ ಗುಜರಿಗೆ ಹಾಕ್ಬೇಕಿತ್ತು.”

ನಾಲ್ಕೂ ರಾಡಿನ ಬೇರಿಂಗ್ ಹೊಸದು ಹಾಕಿದರು. ರಾಡಿನ ಬೋಲ್ಟುಗಳೂ ಹೊಸವು. ಬಿಗಿ ಮಾಡುವಾಗ ಸ್ವಲ್ಪ ಹಿಗ್ಗುವ ಜಾತಿಯ ಬೋಲ್ಟುಗಳಂತೆ ಅವು, ಎರಡನೇ ಸಲ ಹಾಕಬಾರದಂತೆ. ಪ್ಲಾಸ್ಟಿಗೇಜ್ ಅನ್ನೋ ತೆಳುವಾದ ಪ್ಲಾಸ್ಟಿಕ್ ಎಳೆಯನ್ನು ಸಂದಿನಲ್ಲಿಟ್ಟು, ಕ್ಯಾಪ್ ಬಿಗಿದು ಮತ್ತೆ ಬಿಚ್ಚಿ, ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಅಂತ ಅಳತೆಪಟ್ಟಿಯಲ್ಲಿ ನೋಡಿ ಸಂದು ಸರಿ ಇದೆ ಅಂತ ಖಾತ್ರಿ ಮಾಡಿಕೊಂಡರು. ಆಯಿಲ್ ಪಂಪ್ ಬದಲಿಸಿದರು. ಅದರ ಬಾಯಿಯ ಜಾಲರಿಯಲ್ಲಿ ಕಟ್ಟಿದ್ದ ಕಪ್ಪು ಗಸಿ ತೊಳೆದರು. ಹೊಸ ಆಯಿಲ್ ತುಂಬಿದ ಮೇಲೂ ಕೂಡಲೇ ಸ್ಟಾರ್ಟ್ ಮಾಡಲಿಲ್ಲ. ಪೆಟ್ರೋಲು, ಕಿಡಿ ಎರಡೂ ತಪ್ಪಿಸಿ ಬರೀ ಸೆಲ್ಫ್ ಹೊಡೆದು, ಆಯಿಲ್ ಲೈಟ್ ಆರುವವರೆಗೆ ಕಾದರು. ಆಮೇಲೆ ಕೀ ನನ್ನ ಕೈಗೆ ಕೊಟ್ಟರು.

ಸ್ಟಾರ್ಟ್ ಮಾಡಿದೆ. ಟಕ್ ಟಕ್ ಇರಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದರು. ಇಪ್ಪತ್ತು ನಿಮಿಷ ಬಿಸಿಯಾಗಲು ಬಿಟ್ಟು, ರೇಸ್ ಕೊಟ್ಟು ಬಿಟ್ಟು ನೋಡಿದ ಮೇಲೆ “ಹೂಂ” ಅಂದರು.

ಖರ್ಚಿನ ಲೆಕ್ಕ: ಬೇರಿಂಗ್ ಸೆಟ್ 2,800, ಬೋಲ್ಟು 1,200, ಆಯಿಲ್ ಪಂಪ್ 3,600, ಆಯಿಲ್ ಮತ್ತು ಫಿಲ್ಟರ್ 2,400, ಸೀಲೆಂಟ್ ಇತ್ಯಾದಿ 650, ಕೂಲಿ 8,000. ಒಟ್ಟು 18,650 ರೂಪಾಯಿ. 85 ಸಾವಿರಕ್ಕೆ ಹೋಲಿಸಿದರೆ ಕಡಿಮೆ. ಹೊತ್ತಿಗೆ ಸರಿಯಾಗಿ ಹಾಕಿದ್ದರೆ ಸಾಕಾಗುತ್ತಿದ್ದ ಎರಡು ಸಾವಿರ ಚಿಲ್ಲರೆಯ ಆಯಿಲಿಗೆ ಹೋಲಿಸಿದರೆ ತುಂಬಾ ಜಾಸ್ತಿ.

ಫೋನ್ ಮಾಡಿದೆ

ಸೋಮವಾರ ಆಫೀಸಿಗೆ ಹೋಗುವ ತನಕ ಕಾಯಲಿಲ್ಲ. ಭಾನುವಾರವೇ ಆ ಹುಡುಗನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಆಯಿಲ್ ನೋಡದೆ ಓಡಿಸಿದ್ದು, ಬೇರಿಂಗ್ ಹೋದದ್ದು, ಈಗ ಸರಿ ಮಾಡಿಸಿದ್ದು. ಬಿಲ್ಲು, ಹಳೆಯ ಚಿಪ್ಪಿನ ಫೋಟೋ ಕಳಿಸಿದೆ. ನಿನ್ನ ಕಡೆಯ ಮೆಕ್ಯಾನಿಕ್‌ಗೆ ತೋರಿಸು, ರೇಟು ಕಡಿಮೆ ಮಾಡ್ತೀನಿ ಅಂದೆ.

ಎರಡು ದಿನ ಬಿಟ್ಟು ನನ್ನ ಡೆಸ್ಕಿನ ಹತ್ತಿರ ಬಂದ. “ಬೇಜಾರು ಮಾಡ್ಕೋಬೇಡಿ ಸರ್. ಮನೇಲಿ ಹೆದರ್ತಾರೆ.” ಬೇಜಾರು ಆಯ್ತು, ಸುಳ್ಳು ಯಾಕೆ ಹೇಳಲಿ. ಅಡ್ವಾನ್ಸ್ ವಾಪಸ್ ಕಳಿಸಿದೆ. ನನ್ನ ಹೊಸ ಕಾರಿನ ಬುಕಿಂಗನ್ನೂ ಕ್ಯಾನ್ಸಲ್ ಮಾಡಿದೆ.

ಕಾರು ಈಗಲೂ ನನ್ನ ಹತ್ತಿರವೇ ಇದೆ. ಮೀಟರ್ 1 ಲಕ್ಷ 4 ಸಾವಿರ ತೋರಿಸ್ತಿದೆ. ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ ತೆಗೆದು ನೋಡ್ತೀನಿ. ಆ ಹುಡುಗ ಕಳೆದ ತಿಂಗಳು ಬೇರೆ ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೊರಟಾಗ “ಸರ್, ನೀವೂ ಬನ್ನಿ, ಒಂದ್ಸಲ ಕೇಳಿ ಹೇಳಿ” ಅಂದ. ಹೋಗಿದ್ದೆ. ಉದ್ದನೆಯ ಸ್ಕ್ರೂ ಡ್ರೈವರ್ ತೊಗೊಂಡೇ ಹೋಗಿದ್ದೆ.

ನಿಮ್ಮ ಕಾರಿನಲ್ಲಿ ಸದ್ದು ಬಂದರೆ

• ಹಾಡು, ಏಸಿ ಆಫ್ ಮಾಡಿ. ಗೋಡೆ ಪಕ್ಕ ನಿಧಾನ ಓಡಿಸಿ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೆಕ್ಯಾನಿಕ್ ಮುಂದೆ ಸದ್ದು ಬರದಿದ್ದಾಗ ಅದೇ ಸಾಕ್ಷಿ.
• ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ನಿಂತಾಗಲೋ ಏರಿನಲ್ಲೋ, ಆಕ್ಸಿಲರೇಟರ್ ಜೊತೆ ಹೆಚ್ಚುತ್ತೋ ಇಲ್ಲವೋ, ಇಷ್ಟನ್ನು ಬರೆದಿಟ್ಟುಕೊಳ್ಳಿ. ಅರ್ಧ ರೋಗ ಇದರಲ್ಲೇ ಗೊತ್ತಾಗುತ್ತೆ.
• ತಣ್ಣಗಿದ್ದಾಗ ಬಂದು ಬಿಸಿಯಾದಂತೆ ಹೋಗುವ ಟಿಕಟಿಕಕ್ಕೆ ಸಾಮಾನ್ಯವಾಗಿ ಟ್ಯಾಪೆಟ್ಟೋ, ಎಕ್ಸಾಸ್ಟ್ ಲೀಕೋ, ಪಿಸ್ಟನ್ ಸಡಿಲವೋ ಕಾರಣ. ಅದೇ ವಾರ ತೋರಿಸಿ.
• ಏರಿನಲ್ಲಿ ಮಾತ್ರ ಕಿಟಿ ಕಿಟಿ ಅಂದರೆ ಗೇರ್ ಇಳಿಸಿ. ಕೂಲೆಂಟ್, ಪ್ಲಗ್ ನೋಡಿಸಿ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಆಕ್ಟೇನಿನ ಪೆಟ್ರೋಲ್ ಹಾಕಿಸಿ.
• ಕೆಳಗಿನಿಂದ ದಪ್ಪನೆಯ ಟಕ್ ಟಕ್, ಬಿಸಿಯಾದಷ್ಟೂ ಜೋರು, ಅಥವಾ ಜೊತೆಗೆ ಕೆಂಪು ಆಯಿಲ್ ಲೈಟ್: ಪಕ್ಕಕ್ಕೆ ಹಾಕಿ ಆಫ್ ಮಾಡಿ. ಮನೆ ಎಷ್ಟೇ ಹತ್ತಿರ ಇದ್ದರೂ ಟೋ ಮಾಡಿಸಿ.
• ಎಂಜಿನ್ ಬದಲಿಸಬೇಕು ಅಂತ ಯಾರಾದರೂ ಅಂದರೆ, ಯಾವ ಸಿಲಿಂಡರ್, ಆಯಿಲ್ ಪ್ರೆಶರ್ ಎಷ್ಟು, ಫಿಲ್ಟರ್ ಬಿಚ್ಚಿ ನೋಡಿದಿರಾ ಅಂತ ಮೂರು ಪ್ರಶ್ನೆ ಕೇಳಿ. ಉತ್ತರ ಇಲ್ಲದಿದ್ದರೆ ಇನ್ನೊಬ್ಬರಿಗೆ ತೋರಿಸಿ.

ಇದನ್ನು ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಕೆಳಗೆ ಪಾರ್ಕಿಂಗಿಗೆ ಹೋಗಿ ಡಿಪ್‌ಸ್ಟಿಕ್ ತೆಗೆದು ನೋಡಿ. ಎರಡು ನಿಮಿಷದ ಕೆಲಸ. ಹೇಗೆ ಅಂತ ಗೊತ್ತಿಲ್ಲದಿದ್ದರೆ ಅಪ್ಪನಿಗೆ ಫೋನ್ ಮಾಡಿ. ಬೈದುಕೊಂಡೇ ಹೇಳಿಕೊಡ್ತಾರೆ.